ಹೊಳೆದಂಡೆಯಲ್ಲಿ ಹಕ್ಕಿ ನೋಡುವುದು ಹೇಗೆ?

ಮೊದಲ ಸಲ ಹಕ್ಕಿ ನೋಡಲೆಂದು ಆನೆಗೊಂದಿಯಲ್ಲಿ ತುಂಗಭದ್ರೆಯ ಹೊಳೆದಂಡೆಗೆ ಹೋದಾಗ ನಾನು ತಲುಪಿದ್ದು ಒಂಬತ್ತೂವರೆಗೆ, ಅದೂ ಕೆಂಪು ಅಂಗಿ ತೊಟ್ಟು. ಕಂಡದ್ದು ಎರಡು ಎಮ್ಮೆ, ಒಂದು ಹರಿಗೋಲು.

ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹೆಸರು ನೀರುನಾಯಿಯದು, ಅದೇ ಮೀನಿಗೆ ಹೊಂಚು ಹಾಕುವ ಹಕ್ಕಿಗಳಿಗೂ ಅಲ್ಲೇ ಠಾವು. ಶೀಗಿ ಹುಣ್ಣಿಮೆ ಕಳೆದ ಮೇಲೆ ಹೊರಡಿ. ಅಷ್ಟರಲ್ಲಿ ಮಳೆ ಹಿಂದೆ ಸರಿದು, ಕೆನ್ನೀರು ತಿಳಿಯಾಗಿ, ಬಂಡೆಗಳು ತಲೆ ಎತ್ತಿರುತ್ತವೆ. ಬಂಡೆ ಎದ್ದರೆ ಹಕ್ಕಿಗೆ ಕೂರಲು ಜಾಗ ಸಿಕ್ಕಿತು.

ಗಂಗಾವತಿಯಿಂದ ಆನೆಗೊಂದಿಗೆ ಹತ್ತು-ಹನ್ನೆರಡು ಕಿಲೋಮೀಟರ್. ಬಸ್ಸು ನೆಚ್ಚಿಕೊಂಡರೆ ಬಿಸಿಲೇರುತ್ತದೆ, ಬೈಕೇ ಲೇಸು. ಆರು ಗಂಟೆಗೆ ದಂಡೆಯಲ್ಲಿರಬೇಕು. ಮಣ್ಣುಬಣ್ಣದ ಅಂಗಿ, ನೋಟ್‌ಬುಕ್ಕು, ನೀರು, ಬೈನಾಕ್ಯುಲರ್ ಸಾಕು. 8×42 ಎಂದು ಬರೆದಿರುವುದು ಹೊಸಬರಿಗೆ ಒಳ್ಳೆಯದು: ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಮಿಲಿಮೀಟರಿನ ಮುಂಗಾಜು ನಸುಕಿನ ಬೆಳಕನ್ನೂ ಹಿಡಿಯುತ್ತದೆ. ಕ್ಯಾಮೆರಾ ಮೊದಲ ವರ್ಷ ಮನೆಯಲ್ಲೇ ಇರಲಿ. ಅದನ್ನು ಹಿಡಿದವರು ಹಕ್ಕಿಯನ್ನಲ್ಲ, ಪರದೆಯನ್ನು ನೋಡುತ್ತಾರೆ.

ಸೂರ್ಯ ಬೆನ್ನಿಗಿರುವಂತೆ, ಹೊಳೆ ಹರಿದು ಬರುವ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಿ. ಹಕ್ಕಿ ಕಂಡಾಗ ಬೈನಾಕ್ಯುಲರ್ ಹುಡುಕಲು ತಲೆ ಬಗ್ಗಿಸಬೇಡಿ; ನೋಟ ಹಕ್ಕಿಯ ಮೇಲೇ ನೆಟ್ಟಿರಲಿ, ಬೈನಾಕ್ಯುಲರ್ ಕಣ್ಣಿಗೆ ಬರಲಿ.

ಇನ್ನು ಜಾಗ ಬಿಟ್ಟು ಕದಲಬೇಡಿ. ಹತ್ತು ಕಡೆ ಓಡಾಡಿ ಮೂವತ್ತು ಹೆಸರು ಬರೆದುಕೊಳ್ಳುವುದಕ್ಕಿಂತ, ಒಂದೇ ಬೆಳ್ಳಕ್ಕಿಯನ್ನು ಅರ್ಧ ಗಂಟೆ ನೋಡುವುದು ಮೇಲು ಎನ್ನುವವನು ನಾನು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಅರಿಶಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಅದು ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಪಾದವನ್ನು ಗಡಗಡ ನಡುಗಿಸುತ್ತದೆ. ಕೆಸರು ಕದಡಿ, ಅಡಗಿದ್ದ ಮೀನುಮರಿ ಚಿಮ್ಮುತ್ತದೆ. ಕೊಕ್ಕು ಇಳಿದದ್ದು ಕಾಣುವುದೇ ಇಲ್ಲ, ಗಂಟಲಲ್ಲಿ ಉಬ್ಬು ಜಾರುವುದಷ್ಟೇ ಕಾಣುತ್ತದೆ.

ಹೆಸರು ಹಚ್ಚುವಾಗ ಬಣ್ಣ ನಂಬಿ ಕೆಡಬೇಡಿ. ಆಕಾರ, ನಡೆ ನೋಡಿ. ರೆಕ್ಕೆ ಹರಡಿ ಬಿಸಿಲು ಕಾಯಿಸುವ ಕಪ್ಪು ಹಕ್ಕಿಯ ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದ್ದರೆ ನೀರುಕಾಗೆ. ಕೊಕ್ಕು ಸೂಜಿಯಂತೆ ನೆಟ್ಟಗಿದ್ದು ಕತ್ತು ಹಾವಿನಂತೆ ಬಳುಕಿದರೆ ಹಾವಕ್ಕಿ. ಬಂಡೆಯಿಂದ ಬಂಡೆಗೆ ಬಾಲ ಕುಣಿಸುತ್ತ ಓಡುವುದು ಕುಂಡೆಕುಸ್ಕ. ಕಪ್ಪು-ಬಿಳುಪಿನದು, ಬಿಳಿ ಹುಬ್ಬಿನದು ವರ್ಷವಿಡೀ ಇಲ್ಲಿನದೇ. ಬೂದು ಬೆನ್ನು, ಹಳದಿ ಹೊಟ್ಟೆಯದು ಕಂಡರೆ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದ ನೆಂಟ.

ಒಂದು ಎಚ್ಚರಿಕೆ: ನೀರಂಚಿಗೆ ಇಳಿಯಬೇಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ನಡುಗಡ್ಡೆಯಲ್ಲಿದ್ದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಬಂಡೆಯ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯದು. ದೂರದಿಂದ ನೋಡಿ ಸುಮ್ಮನೆ ಬನ್ನಿ.

ಎಂಟೂವರೆಯ ಹೊತ್ತಿಗೆ ಹೊಳೆ ನಿಶ್ಶಬ್ದವಾಗುತ್ತದೆ. ಹಿಂದಿರುಗುವಾಗ ಗದ್ದೆಗಳ ಕಡೆ ಕಣ್ಣು ಹಾಯಿಸಿ. ಭತ್ತದ ಕೊಯ್ಲು ಶುರುವಾಗಿದ್ದರೆ ಯಂತ್ರದ ಹಿಂದೆಯೇ ದನಬೆಳ್ಳಕ್ಕಿಗಳ ಮೆರವಣಿಗೆ, ಎದ್ದ ಹುಳುಗಳಿಗಾಗಿ. ಊರು ಸೇರಿದ ಮೇಲೆ ಒಗ್ಗರಣೆ-ಮಿರ್ಚಿ ಇದ್ದೇ ಇದೆ. ಕಂಡದ್ದನ್ನೆಲ್ಲ ತಟ್ಟೆ ಬರುವ ಮೊದಲೇ ಬರೆದು ಮುಗಿಸಿ. ನನ್ನ ನೋಟ್‌ಬುಕ್ಕಿನ ಅರ್ಧ ಹಾಳೆಗಳಲ್ಲಿ ಹಕ್ಕಿಯ ಹೆಸರಿಗಿಂತ ಎಣ್ಣೆಯ ಕಲೆಯೇ ಢಾಳಾಗಿದೆ.