ಹಳೆ ಫೋರ್ ಸ್ಟ್ರೋಕ್ ಮಾಡೆಲ್ ಎಂಜಿನ್‌ನ ಟ್ಯಾಪೆಟ್ ಸದ್ದು: ಸವೆದದ್ದು ಯಾವುದು?

ಮಾಡೆಲ್ ವಿಮಾನಕ್ಕೆ ಸೆಕೆಂಡ್ ಹ್ಯಾಂಡ್ ಫೋರ್ ಸ್ಟ್ರೋಕ್ ಗ್ಲೋ ಎಂಜಿನ್ (ಕಿಡಿಯ ಬದಲು ಕೆಂಪಗೆ ಕಾಯುವ ತಂತಿಯ ಪ್ಲಗ್ ಇರುವುದು) ತಂದಿದ್ದೀರಿ, ಟಕ ಟಕ ಅಂತಿದೆ. ತಕ್ಷಣ ರಾಕರ್ (ವಾಲ್ವ್ ಒತ್ತಿ ತೆರೆಯುವ ಸಣ್ಣ ತೋಳು) ಮೇಲಿನ ಸ್ಕ್ರೂ ಬಿಗಿ ಮಾಡಿ ಸದ್ದು ನಿಲ್ಲಿಸಬೇಡಿ. ಮೊದಲು ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಗ್ಯಾಪ್ ಅಳೆದು ಬರೆದಿಟ್ಟುಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಏಪ್ರಿಲ್‌ನಲ್ಲಿ ಬಳ್ಳಾರಿ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಎಂಜಿನ್ ತಣ್ಣಗಿರಲ್ಲ, ರಾತ್ರಿ ಮನೆಯೊಳಗಿಟ್ಟು ಬೆಳಗ್ಗೆ ನೋಡಿ. ಗ್ಲೋ ಬ್ಯಾಟರಿ ತೆಗೆದು, ಪ್ಲಗ್ ಬಿಚ್ಚಿ, ರಾಕರ್ ಕವರ್ ತೆಗೆಯಿರಿ. ಪ್ರೊಪೆಲ್ಲರ್ ನಿಧಾನ ತಿರುಗಿಸುತ್ತಾ ಇನ್‌ಟೇಕ್ ವಾಲ್ವ್ ತೆರೆದು ಮುಚ್ಚುವುದನ್ನು ನೋಡಿ, ಆಮೇಲೆ ಪಿಸ್ಟನ್ ಮೇಲೆ ಬಂದಾಗ ನಿಲ್ಲಿಸಿ. ಎಕ್ಸಾಸ್ಟ್ ಮುಗಿಯುವಾಗಲೂ ಪಿಸ್ಟನ್ ಮೇಲೆ ಬರುತ್ತದೆ, ಅಲ್ಲಿ ಅಳೆದರೆ ಲೆಕ್ಕವೆಲ್ಲ ತಪ್ಪು.

ಓಎಸ್ (ಜಪಾನಿನ ಮಾಡೆಲ್ ಎಂಜಿನ್ ಕಂಪನಿ) ತರದ ಎಂಜಿನ್‌ಗಳಿಗೆ ಗ್ಯಾಪ್ 0.04 ರಿಂದ 0.10 ಮಿ.ಮೀ. ನನ್ನ ಹತ್ತಿರ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಕಟ್ಟು) ಇರಲಿಲ್ಲ, ಕೌಲ್ ಬಜಾರ್ ಕಡೆ ಬುಲೆಟ್ ರಿಪೇರಿ ಮಾಡುವವರ ಹತ್ತಿರ ಹೋದೆ. ಪುಶ್ ರಾಡ್ (ಕೆಳಗಿಂದ ರಾಕರ್ ತಳ್ಳುವ ಕಡ್ಡಿ) ನೋಡಿ "ಇದು ಬುಲೆಟ್‌ದ ಮರಿ ಐತಲ್ರೀ" ಅಂದರು. ಅವರ ಗೇಜ್ 0.05ರಿಂದ ಶುರು. ಸಾಕು: 0.05 ಪಟ್ಟಿ ಹೋಗಬೇಕು, 0.10 ಹೋಗಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಸ್ವಲ್ಪ ತಿರುಗುತ್ತದೆ, ಅದಕ್ಕೇ ಕೊನೆಗೊಮ್ಮೆ ಮತ್ತೆ ಅಳೆಯಿರಿ.

ಮಾರಿದವರು ಸದ್ದು ಕೇಳದಂತೆ ಬಿಗಿ ಮಾಡಿಯೇ ಕೊಟ್ಟಿರಬಹುದು, ಹಾಗಾಗಿ ಮೊದಲ ಅಳತೆ ಒಂದನ್ನೇ ನಂಬಬೇಡಿ. ಸರಿ ಮಾಡಿ, ನಾಲ್ಕೈದು ಟ್ಯಾಂಕ್ ಓಡಿಸಿ, ಮತ್ತೆ ಅಳೆಯಿರಿ. ಗ್ಯಾಪ್ ಜಾಸ್ತಿ ಆಗಿದ್ದರೆ ಕ್ಯಾಮ್ (ವಾಲ್ವ್ ತೆರೆಸುವ, ಉಬ್ಬು ಇರುವ ತಿರುಗುವ ದಂಡ), ಅದಕ್ಕೂ ಪುಶ್ ರಾಡ್‌ಗೂ ನಡುವಿನ ಟ್ಯಾಪೆಟ್, ಪುಶ್ ರಾಡ್ ತುದಿ ಅಥವಾ ರಾಕರ್ ಸವೆಯುತ್ತಿದೆ. ಕಡಿಮೆ ಆಗಿದ್ದರೆ ವಾಲ್ವ್ ತನ್ನ ಸೀಟಿನೊಳಕ್ಕೆ ಇಳಿಯುತ್ತಿದೆ. ಇದಕ್ಕೆ ಸದ್ದೇ ಬರಲ್ಲ, ಅದಕ್ಕೇ ಇದು ಜಾಸ್ತಿ ಕೆಟ್ಟದ್ದು. ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ.

ವಾಲ್ವ್ ಲೀಕ್ ನೋಡಲು ಪ್ಲಗ್ ಹಾಕಿ, ಪ್ರೊಪೆಲ್ಲರ್ ಅನ್ನು ಕಂಪ್ರೆಷನ್‌ಗೆ ಒತ್ತಿ ಹಿಡಿದು ಕಿವಿಗೊಡಿ. ಕಾರ್ಬುರೇಟರ್‌ನಲ್ಲಿ ಬುಸ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್, ಬ್ರೀದರ್‌ನಲ್ಲಿ (ಎಂಜಿನ್ ಕೆಳಭಾಗದ ಗಾಳಿ ಹೊರಬಿಡುವ ನಳಿಗೆ) ಜೋರಾಗಿ ಬಂದರೆ ಪಿಸ್ಟನ್ ರಿಂಗ್. ಸೀಟ್ ಮೇಲೆ ಬರೀ ಕಾರ್ಬನ್ ಇದ್ದರೆ ತೆಗೆದು, ನೈಸ್ ಉಜ್ಜುವ ಪೇಸ್ಟ್ ಹಚ್ಚಿ ಕೈಯಲ್ಲೇ ಸ್ವಲ್ಪ ಲ್ಯಾಪಿಂಗ್ (ವಾಲ್ವನ್ನು ಸೀಟ್ ಮೇಲೆ ತಿಕ್ಕಿ ಕೂರಿಸುವುದು) ಮಾಡಬಹುದು. ಪೇಸ್ಟ್ ಒಂದು ಚೂರೂ ಉಳಿಯಬಾರದು.

ಬ್ರೀದರ್‌ನಿಂದ ಬರುವ ಎಣ್ಣೆಯನ್ನೂ ನೋಡಿ. ಸಂಡೂರು, ತೋರಣಗಲ್ಲು ಕಡೆ ಹಾರಿಸುವವರಿಗೆ ಅದು ಕೆಂಪಾಗಿದ್ದರೆ ತುಕ್ಕೋ ಅದಿರು ದೂಳೋ ಗೊತ್ತಾಗಲ್ಲ, ಎರಡೂ ಕಬ್ಬಿಣದ ಆಕ್ಸೈಡೇ ಅಲ್ವಾ! ಬಿಳಿ ಹಾಳೆ ಮೇಲೆ ಹನಿ ಹಾಕಿ, ಹಾಳೆಯ ಕೆಳಗೆ ಮ್ಯಾಗ್ನೆಟ್ ಆಡಿಸಿ. ಕಪ್ಪು ಪುಡಿ ಚುರುಕಾಗಿ ಅದರ ಹಿಂದೆ ಓಡಿದರೆ ಒಳಗೆ ಉಕ್ಕು ಸವೆಯುತ್ತಿದೆ ಅಂತ ಅನುಮಾನಪಡಿ.

ಆಗ ಕ್ಯಾಮ್ ಬಿಚ್ಚಲೇಬೇಕು. ಬಿಚ್ಚುವ ಮುಂಚೆ ಗೇರ್ ಗುರುತಿನ ಫೋಟೋ ತೆಗೆಯಿರಿ, ಒಂದು ಹಲ್ಲು ತಪ್ಪಿದರೂ ಟೈಮಿಂಗ್ ಹೋಯಿತು. ಟ್ಯಾಪೆಟ್ ಮುಖದಲ್ಲಿ ಗುಳಿ ಬಿದ್ದಿದ್ದರೆ ಹೊಸ ಕ್ಯಾಮ್ ಜೊತೆ ಟ್ಯಾಪೆಟ್ ಕೂಡ ಹೊಸದೇ ಹಾಕಿ, ಇಲ್ಲದಿದ್ದರೆ ಹಳೆಯದು ಹೊಸದನ್ನೂ ತಿನ್ನುತ್ತದೆ.

ಕ್ಯಾಮ್‌ಗೆ ಎಣ್ಣೆ ಸಿಗುವುದೇ ರಿಂಗ್ ದಾಟಿ ಬಂದ ಫ್ಯೂಯೆಲ್‌ನಿಂದ, ಅದರ ಜೊತೆ ತುಕ್ಕು ಹಿಡಿಸುವ ತೇವವೂ ಬರುತ್ತದೆ. ಹಾರಿಸಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಲೈನ್‌ನಲ್ಲಿ ಉಳಿದ ಫ್ಯೂಯೆಲ್ ಉರಿದು ಎಂಜಿನ್ ತಾನೇ ನಿಲ್ಲಲಿ, ಬ್ರೀದರ್‌ನಲ್ಲಿ ನಾಲ್ಕು ಹನಿ ಆಫ್ಟರ್ ರನ್ ಆಯಿಲ್ (ತುಕ್ಕು ತಡೆಯುವ ಎಣ್ಣೆ) ಬಿಟ್ಟು ಕೈಯಲ್ಲಿ ಹತ್ತು ಸುತ್ತು ತಿರುಗಿಸಿಡಿ.