ಡಿಕ್ಕಿಯಲ್ಲಿದ್ದ ಸಿಡಿ ಚೇಂಜರ್ ಬಿಚ್ಚಿದ ಕಥೆ

ನನ್ನ ಹಳೆಯ ಕಾರಿನ ಸಿಡಿ ಚೇಂಜರ್, ಅಂದರೆ ಹಲವು ಸಿಡಿಗಳನ್ನು ಒಳಗಿಟ್ಟುಕೊಂಡು ಒಂದೊಂದಾಗಿ ಬದಲಿಸಿ ನುಡಿಸುವ ಪೆಟ್ಟಿಗೆ, ಇರುವುದು ಡಿಕ್ಕಿಯಲ್ಲಿ. ಆರು ಡಿಸ್ಕ್ ಹಿಡಿಯುವ ಮ್ಯಾಗಜೀನ್ (ಟ್ರೇಗಳಿರುವ ಡಬ್ಬಿ) ಅದರೊಳಗೆ ಸಿಕ್ಕಿಕೊಂಡಿತ್ತು. ಇಜೆಕ್ಟ್ ಒತ್ತಿದರೆ ಮೋಟರ್ ಗುಂಯ್ ಅನ್ನುತ್ತಿತ್ತು, ಏನೂ ಹೊರಗೆ ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ಕೇಳಿದ ಕಡೆಯೆಲ್ಲ ಒಂದೇ ಮಾತು: "ಕಿತ್ತು ಹಾಕಿ ಸರ್, ಬ್ಲೂಟೂತ್ ಸೆಟ್ ಹಾಕಿಸಿ." ಮೋಟರ್ ತಿರುಗುತ್ತಿದೆ ಅಂದರೆ ಕರೆಂಟ್ ಬರುತ್ತಿದೆ, ಅಲ್ವಾ? ಹಾಗಿದ್ದರೆ ಎಲ್ಲೋ ಏನೋ ಅಡ್ಡ ಬಂದಿರಬೇಕು. ನಾನೇ ಬಿಚ್ಚಿದೆ.

ಕೆಲವು ಹಳೆಯ ಸ್ಟೀರಿಯೋಗಳು ಬ್ಯಾಟರಿ ತೆಗೆದರೆ ಮತ್ತೆ ಕೋಡ್ ಕೇಳುತ್ತವೆ. ಅದನ್ನು ಹುಡುಕಿಟ್ಟುಕೊಂಡ ಮೇಲೆಯೇ ಮೈನಸ್ ತಂತಿ ಬಿಚ್ಚಿದ್ದು.

ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪು. ಸಂಡೂರು ಕಡೆಯ ಅದಿರು ಲಾರಿಗಳ ಹಿಂದೆ ಓಡಾಡುವ ಕಾರಿಗೆ ಇದೇನು ಹೊಸದಲ್ಲ. ಧೂಳು ಗ್ರೀಸಿಗೆ ಸೇರಿ ಅಂಟಾಗಿತ್ತು. ಆದರೆ ನಿಜವಾದ ಅಡ್ಡಿ ಬೇರೆ. ಒಂದು ಡಿಸ್ಕ್ ಅರ್ಧ ಮ್ಯಾಗಜೀನಿನಲ್ಲಿ, ಅರ್ಧ ಪ್ಲೇಯರಿನಲ್ಲಿ ನಿಂತಿತ್ತು. ಅದರ ಮೇಲೆ ಅಂಟಿಸಿದ್ದ ಕಾಗದದ ಲೇಬಲ್ ಬಿಸಿಲಿಗೆ ಎದ್ದು ಮೇಲಿನ ಟ್ರೇಗೆ ಕಚ್ಚಿಕೊಂಡಿತ್ತು. ಡಿಸ್ಕಿನ ದಪ್ಪ 1.2 ಮಿ.ಮೀ. ಅಷ್ಟೇ, ಟ್ರೇಗಳ ನಡುವೆ ಸುರುಳಿ ಸುತ್ತಿದ ಕಾಗದಕ್ಕೆ ಜಾಗವೇ ಇಲ್ಲ. ನಮ್ಮೂರ ಬೇಸಿಗೆಯಲ್ಲಿ ಮುಚ್ಚಿದ ಡಿಕ್ಕಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ.

ಇಂಥ ಹೊತ್ತಿನಲ್ಲಿ ಮ್ಯಾಗಜೀನ್ ಹಿಡಿದು ಎಳೆದರೆ ಟ್ರೇ ಮುರಿಯುತ್ತದೆ. ಮೊದಲು ಡಿಸ್ಕನ್ನು ಅದರ ಗೂಡಿಗೆ ಕಳಿಸಬೇಕು. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಒಂದು ಪಟ್ಟಿ ಕತ್ತರಿಸಿ, ಲೇಬಲ್ಲಿಗೂ ಟ್ರೇಗೂ ನಡುವೆ ಮೆಲ್ಲಗೆ ತೂರಿಸಿದೆ. ಇನ್ನೊಂದು ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಲೋಡಿಂಗ್ ಗೇರನ್ನು ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸಿದೆ. ಬಿಗಿಯಾದರೆ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿ, ಮತ್ತೆ ತಿರುಗಿಸುವುದು. ಕೊನೆಗೆ ಡಿಸ್ಕ್ ಒಳಗೆ ಹೋಯಿತು, ಮ್ಯಾಗಜೀನ್ ತಾನಾಗಿಯೇ ಸಡಿಲವಾಯಿತು.

ಹಳೆಯ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಹಳಿಗಳಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿದೆ. ಜಾಸ್ತಿ ಹಾಕಿದರೆ ಮತ್ತೆ ಧೂಳು ಕೂರುತ್ತದೆ. ಡಿಸ್ಕ್ ಓದುವ ಲೆನ್ಸ್ ತುಂಬ ನಾಜೂಕು, ಅದಕ್ಕೆ ಅದೇ ಆಲ್ಕೊಹಾಲಿನಲ್ಲಿ ಅದ್ದಿದ ಇಯರ್‌ಬಡ್ಡನ್ನು ಒತ್ತದೆ ಸುಮ್ನೆ ತಾಗಿಸಿದರೆ ಸಾಕು. ಮುಚ್ಚಳ ತೆಗೆದೇ ಕರೆಂಟ್ ಕೊಟ್ಟು ಇಣುಕಬೇಡಿ. ಡಿಸ್ಕ್ ಓದುವ ಸುಮಾರು 780 ನ್ಯಾನೊಮೀಟರಿನ ಲೇಸರ್ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಈಗ ಡಿಸ್ಕ್ ಬದಲಾಗುತ್ತಿದೆ. ಲೇಬಲ್ ಅಂಟಿಸಿದ ಸಿಡಿಗಳನ್ನೆಲ್ಲ ಮನೆಯ ಪ್ಲೇಯರಿಗೆ ಕೊಟ್ಟೆ. ಒಂದು ಟ್ರೇ ಕೊಂಚ ಸೊಟ್ಟಗಾಗಿದೆ, ಅದನ್ನು ಖಾಲಿ ಬಿಟ್ಟಿದ್ದೇನೆ.