ಹತ್ತಾರು ತಂಡಕ್ಕೆ ಒಂದೇ ಫ್ಲೋ ಸೈಟೋಮೀಟರ್: ನಾವು ನಡೆಸುವ ಬಗೆ

ನಮ್ಮದು ಸ್ವಂತ ಪ್ರಯೋಗ ನಡೆಸುವ ಲ್ಯಾಬ್ ಅಲ್ಲ; ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವ ಫ್ಲೋ ಸೈಟೋಮೀಟರನ್ನು ಎಲ್ಲರಿಗಾಗಿ ನಡೆಸುತ್ತೇವೆ. ಕ್ಯಾನ್ಸರ್ ಸಂಶೋಧಕರ ಬೇರೆ ಬೇರೆ ತಂಡಗಳು ಸ್ಲಾಟ್ ಬುಕ್ ಮಾಡಿ, ಐಸ್ ಮೇಲೆ ಟ್ಯೂಬ್ ಇಟ್ಟುಕೊಂಡು ಬರುತ್ತವೆ. ಬೆಳಿಗ್ಗೆ ಲ್ಯುಕೇಮಿಯಾ ರೋಗಿಯ ಮೂಳೆ ಮಜ್ಜೆ, ಮಧ್ಯಾಹ್ನ ಇಲಿಯ ಗಡ್ಡೆ, ಸಂಜೆ ಡಿಶ್‌ನಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶ. ಎಲ್ಲವೂ ಅದೇ ಪ್ರೋಬ್, ಅದೇ ಕೊಳವೆ, ಅದೇ ಫ್ಲೋ ಸೆಲ್ (ಕೋಶಗಳ ಮೇಲೆ ಲೇಸರ್ ಬೀಳುವ ಕಿರಿದಾದ ಜಾಗ) ಮೂಲಕ ಹಾಯಬೇಕು. ಮೆಷಿನ್ ಕೆಟ್ಟಿದೆ ಎಂದು ಬರುವ ದೂರುಗಳನ್ನು ಬೆನ್ನು ಹತ್ತಿ ಹೋದರೆ ಬಹುಪಾಲು ಎರಡರಲ್ಲೊಂದಕ್ಕೆ ಮುಟ್ಟುತ್ತವೆ: ಟ್ಯೂಬಿನೊಳಗಿನ ಮಾಲು, ಇಲ್ಲವೇ ಹಿಂದಿನವರು ಬಿಟ್ಟುಹೋದದ್ದು. ನಮ್ಮ ಕ್ರಮಗಳೆಲ್ಲ ಈ ಎರಡರ ಸುತ್ತಲೇ ಬೆಳೆದವು.

ಲೇಸರ್ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಕ್ಯೂಸಿ ಬೀಡ್ಸ್ (ಮೆಷಿನ್ ಪರೀಕ್ಷಿಸಲು ಬಳಸುವ, ಹೊಳಪು ಗೊತ್ತಿರುವ ಸಣ್ಣ ಮಣಿಗಳು) ಓಡಿಸುತ್ತೇವೆ. ಪರದೆ ‘ಪಾಸ್’ ಎಂದರೆ ಸಾಲದು. ಪ್ರತಿ ಡಿಟೆಕ್ಟರ್ (ಒಂದೊಂದು ಬಣ್ಣದ ಬೆಳಕು ಹಿಡಿಯುವ ಸಾಧನ) ಕೇಳುತ್ತಿರುವ ವೋಲ್ಟೇಜ್ ಹಿಂದಿನ ದಿನಗಳಿಗಿಂತ ಎಷ್ಟು ಸರಿದಿದೆ ಎಂದು ಗ್ರಾಫ್ ನೋಡಬೇಕು. ಒಂದು ಲೇಸರಿಗೆ ಸೇರಿದ ಡಿಟೆಕ್ಟರುಗಳೆಲ್ಲ ಒಟ್ಟಿಗೆ ಏರಿದ್ದರೆ ಆ ಲೇಸರಿನ ಶಕ್ತಿ, ಅಲೈನ್‌ಮೆಂಟ್ ಅಥವಾ ಟೈಮ್ ಡಿಲೇ (ಒಂದು ಲೇಸರಿನಿಂದ ಇನ್ನೊಂದಕ್ಕೆ ಕೋಶ ತಲುಪುವ ಸಮಯದ ಹೊಂದಿಕೆ) ಅನುಮಾನಿಸಿ. ಎಲ್ಲ ಲೇಸರಿನವೂ ಕೆಟ್ಟಿದ್ದರೆ ಫ್ಲೋ ಸೆಲ್ಲಿನಲ್ಲಿ ಗಾಳಿಗುಳ್ಳೆ ಅಥವಾ ಕೊಳೆ ಇದೆ. ಒಂದೇ ಒಂದು ಡಿಟೆಕ್ಟರ್ ಮೊಂಡು ಹಿಡಿದಿದ್ದರೆ ಮೊದಲು ಅದರ ಫಿಲ್ಟರ್ ತೆಗೆದು ನೋಡಿ. ಯಾರೋ ಎಂಚೆರಿ ಎಂಬ ಕೆಂಪು ಹೊಳೆಯುವ ಪ್ರೋಟೀನಿಗಾಗಿ 610/20 ಫಿಲ್ಟರ್ ಹಾಕಿ, ಹಳೆಯದನ್ನು ಮತ್ತೆ ಕೂರಿಸದೆ ಹೋಗಿರುತ್ತಾರೆ.

ರಕ್ತ, ಮಜ್ಜೆ ಸಾಧುಪ್ರಾಣಿಗಳು. ತೊಂದರೆ ಕೊಡುವುದು ಗಟ್ಟಿ ಗಡ್ಡೆ. ಕಿಣ್ವ ಹಾಕಿ ಬಿಡಿಸುವಾಗ ಸಾಯುವ ಕೋಶಗಳಿಂದ ಡಿಎನ್‌ಎ ಹೊರಬಂದು, ಬದುಕಿರುವವನ್ನೂ ಅಂಟಿಸಿ ಮುದ್ದೆ ಮಾಡುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿದು ನಿಧಾನ ಓರೆ ಮಾಡಿ. ದ್ರವದ ಜೊತೆ ಲೋಳೆಯಂಥ ಎಳೆ ಎಳೆದುಕೊಂಡು ಬಂದರೆ ಅದು ಮೆಷಿನ್ನಿಗೆ ಹೋಗುವ ಮಾಲಲ್ಲ. ಇದಕ್ಕೆ ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಮದ್ದು: ಮಿಲಿಲೀಟರಿಗೆ 100 ಮೈಕ್ರೋಗ್ರಾಂ, 10–15 ನಿಮಿಷ. ಆದರೆ ಈ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು. ಬಫರಿನಲ್ಲಿ ಇಡಿಟಿಎ ಇದ್ದರೆ ಮೆಗ್ನೀಸಿಯಂ ಅದರ ಪಾಲಾಗಿ ಡಿಎನ್‌ಏಸ್ ಸುಮ್ಮನೆ ಕೂರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ ‘ಡಿಎನ್‌ಏಸ್ ಕೆಲಸ ಮಾಡಲಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ. ಮೊದಲು ಇಡಿಟಿಎ ಇಲ್ಲದೆ, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಜೊತೆ ಡಿಎನ್‌ಏಸ್ ಮುಗಿಸಿ; ಆಮೇಲೆ ತೊಳೆದು ಓಡಿಸುವ ಬಫರಿಗೆ ಬದಲಿಸಿ. ನಮ್ಮ ಬಫರ್ ಹೀಗಿದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು), 1–2% ಸೀರಂ, 2 ಮಿಲಿಮೋಲಾರ್ ಇಡಿಟಿಎ, 25 ಮಿಲಿಮೋಲಾರ್ ಹೆಪೀಸ್. ಬೇಕಾದ ಕೋಶ ಬೇರ್ಪಡಿಸುವ ಸಾರ್ಟರಿನ ಒತ್ತಡದಲ್ಲಿ ಪಿಬಿಎಸ್ ಒಂದಕ್ಕೇ ಪಿಎಚ್ ಹಿಡಿದಿಡಲಾಗದು, ಅದಕ್ಕೇ ಹೆಪೀಸ್. ಸಾಯುತ್ತಿರುವ ಕೋಶ ಗುರುತಿಸುವ ಅನೆಕ್ಸಿನ್ ಪ್ರಯೋಗಕ್ಕೆ ಮಾತ್ರ ಈ ಬಫರ್ ಮುಟ್ಟಬೇಡಿ. ಅನೆಕ್ಸಿನ್ ಕೋಶಕ್ಕೆ ಅಂಟುವುದೇ ಕ್ಯಾಲ್ಸಿಯಂ ನೆಚ್ಚಿಕೊಂಡು.

ಸೋಸುವುದು ನಮ್ಮ ಮೇಜಿನ ಮೇಲೆ, ಓಡಿಸುವ ಮುಂಚೆಯೇ. ಅವರ ಲ್ಯಾಬಿನಲ್ಲಿ 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ ತಂದಿದ್ದರೂ ದಾರಿಯಲ್ಲಿ ಮತ್ತೆ ಮುದ್ದೆ ಕಟ್ಟಿರುತ್ತದೆ. ಇಲ್ಲಿ 35 ಮೈಕ್ರಾನ್ ಮುಚ್ಚಳದ ಟ್ಯೂಬಿಗೆ ಹಾಕಿಸುತ್ತೇವೆ. ಇದಕ್ಕೆ ಒಪ್ಪದವರ ಸ್ಯಾಂಪಲ್ ಹತ್ತಿಸುವುದಿಲ್ಲ, ಪ್ರೊಫೆಸರ್ ಆದರೂ ಅಷ್ಟೇ.

ಸತ್ತ ಕೋಶಗಳು, ಮಾರ್ಕರ್ (ಕೋಶದ ಗುರುತಿನ ಪ್ರೋಟೀನ್) ಹುಡುಕಲು ಹಾಕುವ ಬಣ್ಣದ ಆಂಟಿಬಾಡಿ ಸಿಕ್ಕಸಿಕ್ಕದ್ದನ್ನೆಲ್ಲ ಹಿಡಿದುಕೊಳ್ಳುತ್ತವೆ. ಹಾಗಾಗಿ ವಯಬಿಲಿಟಿ ಡೈ (ಸತ್ತ ಕೋಶ ತೋರಿಸುವ ಬಣ್ಣ) ಇಲ್ಲದ ಗಡ್ಡೆಯ ಡೇಟಾ ನಂಬಲು ಬಾರದು. ಫಿಕ್ಸ್ ಮಾಡದ (ರಾಸಾಯನಿಕ ಹಾಕಿ ಇದ್ದಂತೆ ಉಳಿಸದ) ಕೋಶಕ್ಕೆ ಓಡಿಸುವ ಮುನ್ನ ಡ್ಯಾಪಿ ಎಂಬ ಡೈ ಸಾಕು. ಫಿಕ್ಸ್ ಮಾಡುವುದಿದ್ದರೆ ಪ್ರೋಟೀನಿನ ಅಮೈನಿಗೆ ಅಂಟುವ ಡೈ ಬೇಕು. ಅದನ್ನು ಸೀರಂ ಇರುವ ಬಫರಿನಲ್ಲಿ ಹಾಕಿದರೆ ಡೈ ಸೀರಂ ಪ್ರೋಟೀನಿಗೇ ಅಂಟಿ ಮುಗಿದುಹೋಗುತ್ತದೆ. ಬರೀ ಪಿಬಿಎಸ್‌ನಲ್ಲಿ ತೊಳೆದ ಮೇಲೆಯೇ ಹಾಕಬೇಕು. ಟ್ರಿಪ್ಸಿನ್ ಹಾಕಿ ಎಬ್ಬಿಸಿದ ಕೋಶದಲ್ಲಿ ಕೆಲವು ಮೇಲ್ಮೈ ಮಾರ್ಕರ್ ಕಡಿದುಹೋಗಿರುತ್ತವೆ ಎನ್ನುವುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳುತ್ತೇವೆ.

ಕಾಂಪೆನ್ಸೇಷನ್ (ಒಂದು ಬಣ್ಣದ ಬೆಳಕು ಇನ್ನೊಂದರ ಡಿಟೆಕ್ಟರಿಗೆ ಸೋರಿದ್ದನ್ನು ಕಳೆಯುವ ಲೆಕ್ಕ) ಬಗ್ಗೆ ಪುಸ್ತಕ ಬರೆಯಬಹುದು. ನಾವು ಬಿಡದೆ ನೋಡುವುದು ಇಷ್ಟು: ಒಂಟಿ ಬಣ್ಣದ ಕಂಟ್ರೋಲ್ ಸ್ಯಾಂಪಲ್ಲಿನಷ್ಟಾದರೂ ಹೊಳೆಯಬೇಕು; ಅದರ ಪಾಸಿಟಿವ್, ನೆಗೆಟಿವ್ ಎರಡೂ ಬೀಡ್ಸ್ ಇರಬೇಕು, ಇಲ್ಲವೇ ಎರಡೂ ಅದೇ ಕೋಶ ಇರಬೇಕು; ಬಣ್ಣ ಸ್ಯಾಂಪಲ್ಲಿನಲ್ಲಿರುವುದೇ ಆಗಬೇಕು. ಜಿಎಫ್‌ಪಿ ಬದಲು ಫಿಟ್ಸಿ ಬೀಡ್ಸ್, ಎರಡೂ ಹಸಿರಾದರೂ, ನಡೆಯುವುದಿಲ್ಲ. ಎರಡು ಡೈ ಜೋಡಿಸಿದ ಟ್ಯಾಂಡಮ್ ಡೈಗಳದ್ದು ಇನ್ನೂ ಸೂಕ್ಷ್ಮ. ಪಿಇ-ಸೈ7 ಬೆಳಕಿಗೆ ಬಿದ್ದರೆ, ಫಿಕ್ಸೇಟಿವ್‌ನಲ್ಲಿ ಹೆಚ್ಚು ಹೊತ್ತು ಕೂತರೆ, ಜೋಡಿ ಮುರಿದು ಪಿಇ ತಾನೇ ಹೊಳೆಯತೊಡಗುತ್ತದೆ. ಪರದೆಯಲ್ಲಿ ಎರಡೂ ಮಾರ್ಕರ್ ಇರುವ ‘ಹೊಸ’ ಕೋಶ ಕಾಣಿಸುತ್ತದೆ. ಕಂಟ್ರೋಲ್ ಬೇರೆ ವಯಲ್‌ನದ್ದಾದರೆ, ಅಥವಾ ಫಿಕ್ಸ್ ಮಾಡದೇ ಇದ್ದರೆ, ಇದನ್ನು ಸಾಫ್ಟ್‌ವೇರ್ ಸರಿಪಡಿಸಲಾರದು. ಗೇಟ್ (ಪರದೆಯಲ್ಲಿ ಬೇಕಾದ ಕೋಶಗಳನ್ನು ಸುತ್ತುವ ಗೆರೆ) ಎಲ್ಲಿ ಎಳೆಯಬೇಕು ಎನ್ನುವ ಜಗಳಕ್ಕೆ ಎಫ್‌ಎಂಒ ಟ್ಯೂಬ್, ಅಂದರೆ ಒಂದು ಬಣ್ಣ ಬಿಟ್ಟು ಮಿಕ್ಕೆಲ್ಲ ಹಾಕಿದ್ದು, ಅದೇ ಪಂಚಾಯ್ತಿ. ಗಡ್ಡೆ ಕೋಶಗಳ ಸ್ವಂತ ಹೊಳಪು 488 ನ್ಯಾನೋಮೀಟರ್ ಲೇಸರಿನ ಹಸಿರು ಚಾನೆಲ್ಲಿನಲ್ಲಿ ಜೋರು. ಕ್ಷೀಣ ಮಾರ್ಕರನ್ನು ಅಲ್ಲಿಡದೆ 640 ಲೇಸರಿನ ಎಪಿಸಿ ಎಂಬ ಡೈಗೆ ಸರಿಸಲು ಹೇಳುತ್ತೇವೆ.

ಸಾರ್ಟಿಂಗ್ ಬುಕ್ ಮಾಡುವವರು ಮೊದಲು ಲೆಕ್ಕ ಹಾಕಬೇಕು. ನಾಝಲ್ (ದ್ರವ ಹೊರಬರುವ ರಂಧ್ರ) ಕೋಶದ ಅಡ್ಡಳತೆಯ 5 ಪಟ್ಟಾದರೂ ಇರಬೇಕು; ಗಡ್ಡೆ ಕೋಶಕ್ಕೆ 100 ಮೈಕ್ರಾನ್, 20 ಪಿಎಸ್‌ಐ ಒತ್ತಡ. ಆಗ ಹೊರಬರುವ ಧಾರೆ ಸೆಕೆಂಡಿಗೆ ಸುಮಾರು 30,000 ಹನಿಯಾಗಿ ಒಡೆಯುತ್ತದೆ. ಕೋಶಗಳ ವೇಗ ಅದರ ಕಾಲುಭಾಗ ಮೀರಿದರೆ ಒಂದೇ ಹನಿಗೆ ಎರಡು ಸಿಕ್ಕಿ ಮೆಷಿನ್ ಎರಡನ್ನೂ ಕೈಬಿಡುತ್ತದೆ. ಸೆಕೆಂಡಿಗೆ 5,000 ಕೋಶದ ವೇಗದಲ್ಲಿ 2 ಕೋಟಿ ಕೋಶ ಮುಗಿಯಲು 4,000 ಸೆಕೆಂಡ್, ಅಂದರೆ 67 ನಿಮಿಷ. ಬೇಕಾದದ್ದು 0.5% ಇದ್ದರೆ ಎಣಿಕೆಯಲ್ಲಿ 1 ಲಕ್ಷ. ಕೈಗೆ ಬರುವುದು ಅದಕ್ಕಿಂತ ಕಡಿಮೆಯೇ. ಈ ನಾಝಲ್ಲಿನ ಒಂದು ಹನಿ ಸುಮಾರು 3 ನ್ಯಾನೋಲೀಟರ್, ಹಾಗಾಗಿ ಲಕ್ಷ ಕೋಶದ ಜೊತೆ 0.3 ಮಿಲಿಲೀಟರ್ ಶೀತ್ ದ್ರವವೂ (ಕೋಶಗಳನ್ನು ಸುತ್ತುವರಿದು ಹೊತ್ತೊಯ್ಯುವ ದ್ರವ) ಬೀಳುತ್ತದೆ. ಟ್ಯೂಬಿನಲ್ಲಿ ಮೀಡಿಯಂ ಹಾಕುವಾಗ ಈ ತೆಳುವಾಗುವಿಕೆ ನೆನಪಿರಲಿ. ಹಸಿ ಮಾನವ ಸ್ಯಾಂಪಲ್ ಸಾರ್ಟ್ ಮಾಡುವಾಗ ಏರೋಸಾಲ್ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿ) ಎಳೆಯುವ ಫ್ಯಾನ್ ಇಲ್ಲದೆ ಶುರುಮಾಡುವುದಿಲ್ಲ.

ಇನ್ನು ಸ್ಲಾಟುಗಳ ಸರದಿ. ಚಿಕಿತ್ಸೆಯ ನಂತರ ಉಳಿದ ಲ್ಯುಕೇಮಿಯಾ ಕೋಶ ಹುಡುಕುವವರಿಗೆ 0.01% ಕೂಡ ಮುಖ್ಯ. ಅಂಥ 100 ಕೋಶ ಸಿಗಲು 10 ಲಕ್ಷ ಎಣಿಸಬೇಕು. ಆಗಲೂ ಎಣಿಕೆಯ ಏರಿಳಿತ 10%. ಹಿಂದಿನವರ ನೂರು ಕೋಶ ಕೊಳವೆಯಲ್ಲಿ ಉಳಿದಿದ್ದರೆ ಇವರ ಫಲಿತಾಂಶ ಎರಡು ಪಟ್ಟಾಗುತ್ತದೆ! ಹಾಗಾಗಿ ಅವರಿಗೆ ದಿನದ ಮೊದಲ ಸ್ಲಾಟ್. ಪ್ರೊಪಿಡಿಯಂ ಅಯೋಡೈಡ್ ಹಾಕಿ ಕೋಶಚಕ್ರ ನೋಡುವವರಿಗೆ ಕೊನೆಯದು, ಏಕೆಂದರೆ ಆ ಡೈ ಕೊಳವೆಗೆ ಅಂಟಿ, ಮುಂದಿನವರ ಸತ್ತ ಕೋಶಗಳನ್ನು ಪುಕ್ಕಟೆ ಕೆಂಪು ಮಾಡುತ್ತದೆ.

ಪ್ರತಿಯೊಬ್ಬರೂ ಮುಗಿಸಿದ ಮೇಲೆ ಆಯಾ ದಿನ ಬೆರೆಸಿದ 10% ಬ್ಲೀಚ್ 5 ನಿಮಿಷ, ನೀರು 5 ನಿಮಿಷ, ಎರಡೂ ಹೈ ಫ್ಲೋದಲ್ಲಿ. ನೀರು ಸಾಲದಿದ್ದರೆ ಉಳಿದ ಬ್ಲೀಚ್ ಮುಂದಿನವರ ಕೋಶ ಕೊಲ್ಲುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಆಮೇಲೆ ಬರೀ ಬಫರಿನ ಟ್ಯೂಬ್ ಒಂದು ನಿಮಿಷ ಓಡಿಸಿ, ಕೋಶದ ಗೇಟಿನಲ್ಲಿ ಬಿದ್ದ ಎಣಿಕೆಯನ್ನು ಲಾಗ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆಯಬೇಕು. ಸಹಿ ಹಾಕಿಸುವುದಕ್ಕಿಂತ ಈ ಒಂದು ಅಂಕಿ ಹೆಚ್ಚು ಕೆಲಸ ಮಾಡಿದೆ.

ವೇಸ್ಟ್ ಟ್ಯಾಂಕ್ ತುಂಬಿದಾಗ ಬ್ಲೀಚ್ 10% ಉಳಿಯುವಂತೆ ಮೊದಲೇ ಸುರಿದಿಡುತ್ತೇವೆ. ಆರ್‌ಎನ್‌ಎಗಾಗಿ ನೇರ ಕೋಶ ಒಡೆಯುವ ಲೈಸಿಸ್ ಬಫರಿಗೆ ಸಾರ್ಟ್ ಮಾಡುವವರು ಒಂದು ಗಮನಿಸಬೇಕು: ಗ್ವಾನಿಡೀನ್ ಥಯೋಸಯನೇಟ್ ಇರುವ ಬಫರ್ ಬ್ಲೀಚಿಗೆ ಸೇರಿದರೆ ವಿಷಾನಿಲ ಏಳುತ್ತದೆ. ಅಂಥ ಟ್ಯೂಬ್, ಪ್ಲೇಟು, ಚೆಲ್ಲಿದ್ದನ್ನು ಒರೆಸಿದ ಟಿಶ್ಯೂ ಎಲ್ಲಕ್ಕೂ ಬೇರೆ ಡಬ್ಬಿ, ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ.